ಕಾಳುಮೆಣಸು ಮತ್ತು ಧೂಪದ ಅತ್ತರು: ಘಟ್ಟದ ವ್ಯಾಪಾರವನ್ನು ನೆನಪಿಸುವ ಪರಿಮಳವನ್ನು ಮನೆಯಲ್ಲೇ ತಯಾರಿಸುವ ಬಗೆ

ಇಲ್ಲಿ ವಿವರಿಸುವ ಅತ್ತರು ಎರಡು ಬಗೆಯ ಸರಕಿನ ಮೇಲೆ ನಿಂತಿದೆ. ಒಂದು, ಮಲೆನಾಡಿನಿಂದ ಘಟ್ಟ ಇಳಿದು ಬಂದರು ಸೇರುತ್ತಿದ್ದ ಕಾಳುಮೆಣಸು. ಇನ್ನೊಂದು, ಸಮುದ್ರ ದಾಟಿ ಅದೇ ಬಂದರುಗಳಿಗೆ ಬರುತ್ತಿದ್ದ ಧೂಪದ ಅಂಟುಗಳು. ಸಾಂಬಾರ ಪದಾರ್ಥಗಳ ಪರಿಮಳವೆಂದರೆ ಲವಂಗ, ದಾಲ್ಚಿನ್ನಿಗಳನ್ನು ಧಾರಾಳವಾಗಿ ಸುರಿಯುವುದು ಎಂಬ ಭಾವನೆ ಹೊಸದಾಗಿ ಕೈಹಾಕುವವರಲ್ಲಿ ಸಾಮಾನ್ಯ. ಹಾಗೆ ಮಾಡಿದರೆ ಸಿಗುವುದು ಗರಂ ಮಸಾಲೆಯ ಡಬ್ಬಿಯ ವಾಸನೆ. ಈ ಅತ್ತರಿನಲ್ಲಿ ಖಾರದ ಭಾಗ ಮೂರನೆಯ ಒಂದಕ್ಕಿಂತ ಕಡಿಮೆ ಇರಬೇಕು, ಅದರಲ್ಲಿಯೂ ಮೆಣಸೇ ಮುಖ್ಯವಾಗಿರಬೇಕು, ಉಳಿದ ಭಾರವನ್ನೆಲ್ಲ ಅಂಟು ಮತ್ತು ಬೇರು-ಮರಗಳ ಎಣ್ಣೆಗಳು ಹೊರಬೇಕು.

ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ನಿರ್ಧರಿಸಲು ಇತಿಹಾಸ ಇಲ್ಲಿ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. 16ನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆಯುತ್ತಿದ್ದರು. ಆಕೆಯ ಸೀಮೆ ಮುಂದೆ ಕೆಳದಿಯ ನಾಯಕರ ಕೈಸೇರಿದ ಮೇಲೆ ಮೆಣಸಿನ ವ್ಯಾಪಾರವೂ ಅವರದಾಯಿತು. 1623ರಲ್ಲಿ ಗೋವೆಯ ಪೋರ್ಚುಗೀಸ್ ರಾಯಭಾರಿಯ ಜೊತೆಗೆ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ ಹೊನ್ನಾವರದಿಂದ ಶರಾವತಿಯ ಮೂಲಕ ಗೇರುಸೊಪ್ಪೆಗೆ ಬಂದು, ಘಟ್ಟ ಹತ್ತಿ ಕೆಳದಿಯವರ ಆಗಿನ ರಾಜಧಾನಿ ಇಕ್ಕೇರಿ ತಲುಪಿದ. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನ ಕಾಲಕ್ಕೆ ರಾಜಧಾನಿ ಬಿದನೂರಾಗಿತ್ತು, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರ. ಹೇರೆತ್ತುಗಳ ಸಾಲು ಮೆಣಸು ಹೊತ್ತು ಬಸರೂರು, ಗಂಗೊಳ್ಳಿ, ಹೊನ್ನಾವರಗಳಿಗೆ ಇಳಿಯುತ್ತಿತ್ತು. ಕರಾವಳಿಯ ಅಕ್ಕಿ ಮಸ್ಕತ್ತಿನವರೆಗೆ ಹೋಗುತ್ತಿತ್ತು. ಅದೇ ಒಮಾನ್ ದೇಶದ ದಕ್ಷಿಣದ ಧೋಫಾರ್ ಸೀಮೆ ಇಂದಿಗೂ ಜಗತ್ತಿನ ಉತ್ತಮ ಕುಂದುರಿನ (ಫ್ರಾಂಕಿನ್‌ಸೆನ್ಸ್ ಅಂಟಿನ) ನೆಲೆ. ಲವಂಗ ಮತ್ತು ಜಾಯಿಕಾಯಿ ಆಗ ಬರುತ್ತಿದ್ದುದು ಇಂಡೋನೇಷ್ಯಾದ ಮಲುಕು ದ್ವೀಪಗಳಿಂದ. ಸಾಂಬ್ರಾಣಿ ಸುಮಾತ್ರಾ ಮತ್ತು ಸಯಾಮ್ ಕಡೆಯಿಂದ. ಹೀಗೆ ನಮ್ಮ ಸಾಮಗ್ರಿಯ ಪಟ್ಟಿ ಹೆಚ್ಚು ಕಡಿಮೆ ತಾನಾಗಿಯೇ ಸಿದ್ಧವಾಗುತ್ತದೆ: ಊರಿನ ಮೆಣಸು, ಏಲಕ್ಕಿ, ಲಾವಂಚ, ಶ್ರೀಗಂಧ, ಕಾಡಿನ ಧೂಪ, ಹೊರಗಿನ ಕುಂದುರು, ಹೀರಾಬೋಳ (ಮಿರ್ ಎಂಬ ಅಂಟು), ಸಾಂಬ್ರಾಣಿ, ಲವಂಗ, ಜಾಯಿಕಾಯಿ. ಗುಲಾಬಿ, ಮಲ್ಲಿಗೆಗಳಿಗೆ ಇದರಲ್ಲಿ ಕೆಲಸವಿಲ್ಲ.

ಮೊದಲು ತಿಳಿದಿರಬೇಕಾದ ಒಂದು ಸಂಗತಿ

ಮೆಣಸಿನ ಘಾಟು ಬೇರೆ, ಖಾರ ಬೇರೆ. ನಾಲಿಗೆಗೆ ಉರಿಯುವ ಪೈಪರಿನ್ ಆವಿಯಾಗುವ ವಸ್ತುವಲ್ಲ; ಮೂಗಿಗೆ ಬರುವ ಪರಿಮಳ ಸಿಪ್ಪೆಯಲ್ಲಿರುವ ತೈಲದ್ದು. ಹಬೆಯಲ್ಲಿ ಭಟ್ಟಿ ಇಳಿಸಿದಾಗ ತೈಲ ಮಾತ್ರ ಮೇಲೇರಿ ಬರುತ್ತದೆ, ಪೈಪರಿನ್ ಪಾತ್ರೆಯಲ್ಲೇ ಉಳಿಯುತ್ತದೆ. ಆದ್ದರಿಂದಲೇ ಶುದ್ಧ ಮೆಣಸಿನೆಣ್ಣೆಯಲ್ಲಿ ಖಾರವಿರುವುದಿಲ್ಲ; ಅದರಲ್ಲಿರುವುದು ಒಣ ಕಟ್ಟಿಗೆ, ಪೈನ್ ಮತ್ತು ಸ್ವಲ್ಪ ನಿಂಬೆಸಿಪ್ಪೆ ಕೂಡಿದಂಥ ಚುರುಕಾದ ವಾಸನೆ. ಮೆಣಸಿನ ಪುಡಿಯನ್ನು ಕೊಬ್ಬರಿ ಎಣ್ಣೆಯಲ್ಲಿ ನೆನೆಹಾಕಿ ಅತ್ತರು ಮಾಡುವ ಸಲಹೆ ಆಗಾಗ ಕೇಳಿಬರುತ್ತದೆ. ಅದು ತಪ್ಪು ದಾರಿ. ಹಾಗೆ ಮಾಡಿದಾಗ ಎಣ್ಣೆಗೆ ಇಳಿಯುವುದರಲ್ಲಿ ಚರ್ಮವನ್ನು ಉರಿಸುವ ಅಂಶವೂ ಇರುತ್ತದೆ, ಪುಡಿಯಲ್ಲಿನ ತೇವದಿಂದ ಎಣ್ಣೆ ಬೇಗ ಮುಗ್ಗಲು ಹಿಡಿಯುತ್ತದೆ, ಪರಿಮಳವಂತೂ ಒಗ್ಗರಣೆಯದು. ತೋಟದಲ್ಲಿ ಮೆಣಸಿನ ಬಳ್ಳಿ ಇರುವವರಿಗೆ ಸ್ವಂತ ಬೆಳೆಯನ್ನೇ ಬಳಸುವ ಆಸೆ ಸಹಜ. ಅಂಥವರು ಭಟ್ಟಿ ಇಳಿಸುವವರಿಂದ ಎಣ್ಣೆ ಮಾಡಿಸಿಕೊಳ್ಳುವುದು ಲೇಸು. ಒಂದು ಕಿಲೋ ಮೆಣಸಿನಿಂದ ಬರುವ ಎಣ್ಣೆ ಇಪ್ಪತ್ತು ಮೂವತ್ತು ಗ್ರಾಂ ಮಾತ್ರ ಎಂಬುದು ನೆನಪಿರಲಿ. ಮಾರುಕಟ್ಟೆಯಲ್ಲಿ ಬೆಲೆ ಸಿಗದ ಜೊಳ್ಳು ಕಾಳು ಈ ಕೆಲಸಕ್ಕೆ ಸಲ್ಲುತ್ತದೆ. ಬೋಳುಕಾಳು ಸಲ್ಲದು, ಸಿಪ್ಪೆಯ ಜೊತೆಗೆ ಅದರ ಪರಿಮಳದ ದೊಡ್ಡ ಪಾಲು ಹೋಗಿರುತ್ತದೆ.

ಮೆಣಸಿನ ಪರಿಮಳಕ್ಕೆ ಇರುವ ಕೊರತೆಯೆಂದರೆ ಅದು ನಿಲ್ಲುವುದಿಲ್ಲ. ಕಾಗದದ ಪಟ್ಟಿಗೆ ಹಚ್ಚಿದ ಬರೀ ಮೆಣಸಿನೆಣ್ಣೆ ಮೊದಲ ಹದಿನೈದು ನಿಮಿಷ ಮೂಗು ತುಂಬಿಸಿ, ಮಾರನೆಯ ದಿನದ ಹೊತ್ತಿಗೆ ಕಟ್ಟಿಗೆಯ ಮಸುಕು ವಾಸನೆಯನ್ನಷ್ಟೇ ಉಳಿಸುತ್ತದೆ. ಅಂಟುಗಳಲ್ಲಿ ಭಾರವಾದ ಅಂಶಗಳಿರುವುದರಿಂದ ಅವು ನಿಧಾನವಾಗಿ ಆರುತ್ತವೆ, ಜೊತೆಗಿರುವ ಹಗುರ ಪರಿಮಳವನ್ನೂ ಸ್ವಲ್ಪ ಹಿಡಿದಿಡುತ್ತವೆ. ಈ ಅತ್ತರಿನ ಕಸುಬೆಲ್ಲ ಇರುವುದು ಮೆಣಸು ಮಾಯವಾಗುವ ಮುನ್ನವೇ ಕುಂದುರು ಅದರ ಕೈ ಹಿಡಿಯುವಂತೆ ತೂಗುವುದರಲ್ಲಿ. ಕುಂದುರಿಗೂ ಮೆಣಸಿಗೂ ಪೈನೀನ್, ಲಿಮೋನೀನ್ ಮುಂತಾದ ಘಟಕಗಳು ಸಮಾನವಾಗಿರುವುದರಿಂದ ಇವೆರಡರ ನಡುವಿನ ಸಂದು ಮೂಗಿಗೆ ಕಾಣುವುದೇ ಇಲ್ಲ.

ಸಾಮಗ್ರಿ ಕೊಳ್ಳುವಾಗ

ಶಿವಮೊಗ್ಗದ ಗಾಂಧಿ ಬಜಾರಿನಂಥ ಪೇಟೆಯ ಗ್ರಂಧಿಗೆ ಅಂಗಡಿಗಳಲ್ಲಿ ಅಂಟುಗಳು ಗಟ್ಟಿಯಾಗಿ ಸಿಗುತ್ತವೆ; ಭಟ್ಟಿ ಎಣ್ಣೆಗಳನ್ನು ಮಾತ್ರ ಸುಗಂಧ ತೈಲ ಮಾರುವವರಿಂದಲೇ ತರಿಸಬೇಕು. ಅಂಗಡಿಯಲ್ಲಿ ‘ಲೋಬಾನ’ ಎಂದು ಕೇಳಿದರೆ ಒಬ್ಬರು ಸಾಂಬ್ರಾಣಿಯನ್ನು, ಇನ್ನೊಬ್ಬರು ಕುಂದುರನ್ನು ಕೊಡುತ್ತಾರೆ, ಹೀಗಾಗಿ ನೋಡಿಯೇ ತೆಗೆದುಕೊಳ್ಳಬೇಕು. ಕುಂದುರು ಎಂದರೆ ಫ್ರಾಂಕಿನ್‌ಸೆನ್ಸ್: ಹಳದಿ ಮಿಶ್ರಿತ ಬಿಳಿಯ, ಕಣ್ಣೀರಿನ ಹನಿಯ ಆಕಾರದ ಕಾಳುಗಳು. ಸಾಂಬ್ರಾಣಿ ಕಂದು ಗಟ್ಟಿಯಾಗಿದ್ದು, ಒಡೆದರೆ ಒಳಗೆ ಬಾದಾಮಿ ಚೂರಿನಂಥ ಬಿಳಿ ಮಚ್ಚೆಗಳಿರುತ್ತವೆ, ಮೂಸಿದರೆ ವೆನಿಲ್ಲಾದ ಸಿಹಿ ಬರುತ್ತದೆ. ಇದ್ದಿಲ ಪುಡಿ ಬೆರೆಸಿದ ಕಪ್ ಸಾಂಬ್ರಾಣಿ ಈ ಕೆಲಸಕ್ಕೆ ಬರುವುದಿಲ್ಲ.

ಕುಂದುರಿನಲ್ಲಿ ರಾಳ ಬೆರೆಸಿ ಮಾರುವುದುಂಟು. ಒಂದು ಕಾಳನ್ನು ಪುಡಿಮಾಡಿ ನಾಲ್ಕು ಹನಿ ನೀರು ಹಾಕಿ ಬೆರಳಿನಿಂದ ಅರೆದು ನೋಡಿ. ನಿಜವಾದ ಕುಂದುರಿನಲ್ಲಿ ನೀರಿಗೆ ಬೆರೆಯುವ ಗೋಂದು ಇರುವುದರಿಂದ ಹಾಲಿನ ಬಣ್ಣದ ದ್ರವ ಬರುತ್ತದೆ. ರಾಳ ನೀರಿನಲ್ಲಿ ಮರಳಿನಂತೆ ಬೇರೆಯಾಗಿಯೇ ಉಳಿಯುತ್ತದೆ. ಭಾರತದ ಒಣ ಕಾಡುಗಳ ಬೋಸ್ವೆಲಿಯಾ ಸೆರ್ರಾಟಾ ಮರದಿಂದ ಬರುವ ಎಣ್ಣೆ ಅಗ್ಗ, ಆದರೆ ಅದರ ಮೊದಲ ವಾಸನೆ ಹೆಚ್ಚು ಚೂಪು. ಧೋಫಾರಿನ ಬೋಸ್ವೆಲಿಯಾ ಸಾಕ್ರಾ ಎಣ್ಣೆಯಲ್ಲಿ ನಿಂಬೆ ಮತ್ತು ತಂಪು ಎರಡೂ ಇವೆ. ಮೊದಲ ಪ್ರಯತ್ನಕ್ಕೆ ದೇಶೀ ಎಣ್ಣೆಯೇ ಸಾಕು.

ಕಾಡಿನ ಧೂಪದ ವಿಷಯಕ್ಕೆ ಬಂದರೆ, ಪಶ್ಚಿಮ ಘಟ್ಟದಲ್ಲಿ ಎರಡು ಮುಖ್ಯ ಮರಗಳಿವೆ. ಬಿಳಿಧೂಪ ಅಥವಾ ಸಾಲುಧೂಪ ವಟೇರಿಯಾ ಇಂಡಿಕಾದ್ದು. ಕರಿಧೂಪ ಅಥವಾ ರಾಳಧೂಪ ಕೆನೇರಿಯಂ ಸ್ಟ್ರಿಕ್ಟಮ್ ಮರದ್ದು. ನಮಗೆ ಬೇಕಾದುದು ಕರಿಧೂಪ. ಅದರ ಗಟ್ಟಿ ಹೊರಗೆ ಕಪ್ಪಾಗಿ ಕಂಡರೂ ತೆಳು ಚೂರನ್ನು ಬೆಳಕಿಗೆ ಹಿಡಿದರೆ ಜೇನಿನ ಕೆಂಪು ಕಾಣುತ್ತದೆ. ಪರಿಮಳ ಕುಂದುರಿಗೆ ಹತ್ತಿರ, ಆದರೆ ಹೆಚ್ಚು ದಪ್ಪ. ಹಾಲ್ಮಡ್ಡಿಯೂ ಒಳ್ಳೆಯ ಅಂಟೇ, ಆದರೆ ಅದು ಸದಾ ಜಿಗುಟಾಗಿದ್ದು ಸೋಸಲು ಬಾರದು, ಅದನ್ನು ಅಗರಬತ್ತಿಯವರಿಗೇ ಬಿಡುವುದು ಒಳ್ಳೆಯದು. ಧೂಪಕ್ಕಾಗಿ ಕಾಡಿಗೆ ಹೋಗಿ ಮರಕ್ಕೆ ಕಚ್ಚು ಹಾಕುವುದು, ಬುಡಕ್ಕೆ ಬೆಂಕಿ ಇಡುವುದು ಖಂಡಿತ ಬೇಡ. ಇಂಥ ಕೊಯ್ಲಿನಿಂದಲೇ ಕರಿಧೂಪದ ದೊಡ್ಡ ಮರಗಳು ಅನೇಕ ಕಡೆ ಒಣಗಿವೆ. ಅಂಗಡಿಯಲ್ಲಿ ಐವತ್ತು ಗ್ರಾಂ ಕೊಂಡರೆ ಬಹಳ ಕಾಲಕ್ಕಾಗುತ್ತದೆ. ಪುಡಿಯನ್ನು ಕೊಳ್ಳದೆ ಗಟ್ಟಿಯನ್ನೇ ಕೇಳಿ ಪಡೆಯಬೇಕು, ಪುಡಿಯಲ್ಲಿ ಏನಿದೆ ಎಂದು ಹೇಳಲು ಬಾರದು.

ಶ್ರೀಗಂಧದ ಎಣ್ಣೆ ದುಬಾರಿ. ಮೈಸೂರಿನಲ್ಲಿ 1916ರಲ್ಲಿಯೂ ಶಿವಮೊಗ್ಗದಲ್ಲಿ 1944ರಲ್ಲಿಯೂ ಶ್ರೀಗಂಧದ ಎಣ್ಣೆಯ ಕಾರ್ಖಾನೆಗಳು ಆರಂಭವಾದ ನಾಡಿನಲ್ಲಿ ಇದನ್ನು ಹೇಳುವುದು ವಿಚಿತ್ರವೆನಿಸಿದರೂ, ಪೇಟೆಯಲ್ಲಿ ಕಡಿಮೆ ಬೆಲೆಗೆ ‘ಗಂಧದೆಣ್ಣೆ’ ಎಂದು ಸಿಗುವುದರಲ್ಲಿ ಬಹುಪಾಲು ಕೃತಕ ಸುವಾಸನೆ ಬೆರೆಸಿದ ದ್ರಾವಣ. ಮುದ್ರೆಯಿರುವ ಚಿಕ್ಕ ಸೀಸೆಯನ್ನೇ ಕೊಳ್ಳಿ. ಬೇಲಿಯಲ್ಲಿ ಗಂಧದ ಮರವಿದೆಯೆಂದು ಕಡಿಯಲು ಹೋಗಬಾರದು. ಸ್ವಂತ ಜಮೀನಿನ ಮರವಾದರೂ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಉಳಿದಂತೆ ಏಲಕ್ಕಿ, ಜಾಯಿಕಾಯಿ, ಲವಂಗ, ಹೀರಾಬೋಳ, ಲಾವಂಚ, ಪಚ್ಚೆತೆನೆ (ಪ್ಯಾಚೌಲಿ) ಇವುಗಳ ಎಣ್ಣೆಗಳನ್ನು ಐದೈದು ಮಿಲಿಲೀಟರಿನಂತೆ ತಂದರೆ ಸಾಕು.

ಸಾಂಬ್ರಾಣಿಯ ವಿಚಾರದಲ್ಲಿ ಒಂದು ತೊಡಕಿದೆ. ಅದು ಮದ್ಯಸಾರದಲ್ಲಿ ಸುಲಭವಾಗಿ ಕರಗುತ್ತದೆ, ಎಣ್ಣೆಯಲ್ಲಿ ಸರಿಯಾಗಿ ಕರಗುವುದಿಲ್ಲ. ಆದ್ದರಿಂದ ಬೆಂಜೈಲ್ ಬೆಂಜೋಯೇಟ್ ಎಂಬ ದ್ರಾವಕದಲ್ಲಿ ಅರ್ಧಕ್ಕರ್ಧ ಕರಗಿಸಿದ ಸಾಂಬ್ರಾಣಿ ರೆಸಿನಾಯ್ಡನ್ನು, ಅಂದರೆ ಅಂಟಿನಿಂದ ತೆಗೆದ ದಪ್ಪ ಸಾರವನ್ನು, ಕೇಳಿ ತರಿಸಬೇಕು. ಡೈಪ್ರೊಪಿಲೀನ್ ಗ್ಲೈಕಾಲಿನಲ್ಲಿ ಕರಗಿಸಿದ್ದು ಎಣ್ಣೆಯ ಜೊತೆ ಬೆರೆಯದೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ.

ಕೊನೆಯದಾಗಿ ವಾಹಕ ಎಣ್ಣೆ, ಅಂದರೆ ಪರಿಮಳದ ಎಣ್ಣೆಗಳನ್ನು ಬೆರೆಸಿ ತೆಳುಮಾಡುವ ಎಣ್ಣೆ. ಅಡುಗೆಯ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಪುಷ್ಯಮಾಸದ ಬೆಳಗಿನಲ್ಲಿ ಸಾಗರ, ತೀರ್ಥಹಳ್ಳಿಯ ಯಾವ ಮನೆಯಲ್ಲಾದರೂ ಇದನ್ನು ನೋಡಬಹುದು. ಮೇಲಾಗಿ ಅದಕ್ಕೆ ತನ್ನದೇ ವಾಸನೆಯಿದೆ. ಎಳ್ಳೆಣ್ಣೆ, ಶೇಂಗಾ ಎಣ್ಣೆಗಳಿಗೂ ಇದೇ ದೋಷ. ಎಂ.ಸಿ.ಟಿ. ಎಂದು ಮಾರುವ, ಹೆಪ್ಪುಗಟ್ಟದ ಶುದ್ಧೀಕೃತ ತೆಂಗಿನೆಣ್ಣೆಯನ್ನು ಬಳಸಿ. ಅದಕ್ಕೆ ವಾಸನೆಯಿಲ್ಲ, ಬೇಗ ಕೆಡುವುದೂ ಇಲ್ಲ.

ಸಲಕರಣೆಗಳಲ್ಲಿ 0.01 ಗ್ರಾಂ ತೂಗುವ ಚಿಕ್ಕ ತಕ್ಕಡಿಯೊಂದನ್ನು ಮಾತ್ರ ಬಿಡುವಂತಿಲ್ಲ. ಹನಿ ಎಣಿಸಿ ಮಾಡಿದ ಅತ್ತರನ್ನು ಮತ್ತೊಮ್ಮೆ ಹಾಗೆಯೇ ಮಾಡಲಾಗುವುದಿಲ್ಲ. ಲಾವಂಚದ ಒಂದು ಹನಿ ಮೆಣಸಿನೆಣ್ಣೆಯ ಹನಿಗಿಂತ ಬಹಳ ಭಾರ. ಕಂದು ಗಾಜಿನ ಸೀಸೆಗಳು, ಗಾಜಿನ ಪಿಪೆಟ್, ಥರ್ಮಾಮೀಟರು, ಡ್ರಾಯಿಂಗ್ ಹಾಳೆಯಿಂದ ಕತ್ತರಿಸಿದ ತೆಳು ಪಟ್ಟಿಗಳು, ಒಂದು ನೋಟುಪುಸ್ತಕ ಇವಿಷ್ಟನ್ನು ಹೊಂದಿಸಿಕೊಳ್ಳಿ. ಪ್ಲಾಸ್ಟಿಕ್ ಲೋಟ ಬೇಡ, ಕೆಲವು ಪ್ಲಾಸ್ಟಿಕ್‌ಗಳನ್ನು ಈ ಎಣ್ಣೆಗಳು ಕರಗಿಸುತ್ತವೆ.

ಮೊದಲ ಹಂತ: ಧೂಪದ ಎಣ್ಣೆ

ಕರಿಧೂಪದ ಗಟ್ಟಿಯಲ್ಲಿ ಅಂಟಿರುವ ತೊಗಟೆ, ಮಣ್ಣು, ಎಲೆಯ ಚೂರುಗಳನ್ನು ಚಾಕುವಿನ ತುದಿಯಿಂದ ಬಿಡಿಸಿ, ಡಬ್ಬಿಯಲ್ಲಿ ಮುಚ್ಚಿ ಒಂದು ರಾತ್ರಿ ಫ್ರೀಜರಿನಲ್ಲಿಡಬೇಕು. ಮರುದಿನ ತಂಪಾಗಿರುವಾಗಲೇ ಬಟ್ಟೆಯಲ್ಲಿ ಸುತ್ತಿ ಕುಟ್ಟಿದರೆ ಗಾಜಿನಂತೆ ಸಿಡಿದು ಚೂರಾಗುತ್ತದೆ. ಬೆಚ್ಚಗಿರುವಾಗ ಕುಟ್ಟಿದರೆ ಒರಳಿಗೂ ಗುಂಡಿಗೂ ಮೆತ್ತಿಕೊಂಡು, ಆ ಒರಳು ಮತ್ತೆ ಅಡುಗೆಗೆ ಬಾರದಂತಾಗುತ್ತದೆ. ಹಾಗಾಗಿ ಈ ಕೆಲಸಕ್ಕೆ ಹಳೆಯ ಒರಳನ್ನೇ ಇಟ್ಟುಕೊಳ್ಳಿ. ನುಣ್ಣಗೆ ಹಿಟ್ಟು ಮಾಡಬಾರದು, ರವೆಯ ಗಾತ್ರ ಸಾಕು. ಹಿಟ್ಟು ತಳದಲ್ಲಿ ಮುದ್ದೆ ಕಟ್ಟಿಕೊಳ್ಳುತ್ತದೆ.

ನೂರು ಗ್ರಾಂ ವಾಹಕ ಎಣ್ಣೆಗೆ ಹದಿನೈದು ಗ್ರಾಂ ಧೂಪದ ಚೂರು ಹಾಕಿ, ಅಗಲ ಬಾಯಿಯ ಗಾಜಿನ ಭರಣಿಯಲ್ಲಿ ತುಂಬಿ, ಭರಣಿಯನ್ನು ನೀರಿರುವ ಪಾತ್ರೆಯೊಳಗೆ ಬಟ್ಟೆಯ ಮೇಲೆ ಕೂರಿಸಿ. ಒಲೆ ಇಂಡಕ್ಷನ್ ಆಗಿದ್ದರೆ ಒಳ್ಳೆಯದು, ಏಕೆಂದರೆ ಅಂಟೂ ಎಣ್ಣೆಯೂ ಬೆಂಕಿ ಹಿಡಿಯುವ ವಸ್ತುಗಳು, ಬರೀ ಉರಿಯ ಮೇಲೆ ಇವನ್ನು ಎಂದೂ ಇಡಬಾರದು. ಎಣ್ಣೆಯ ಬಿಸಿ 70 ಡಿಗ್ರಿ ಸೆಲ್ಸಿಯಸ್ ಹತ್ತಿರ ನಿಲ್ಲುವಂತೆ ನೋಡಿಕೊಂಡು ಮೂರು ಗಂಟೆ ಇಡಬೇಕು, ಅರ್ಧ ಗಂಟೆಗೊಮ್ಮೆ ಮರದ ಕಡ್ಡಿಯಿಂದ ತಿರುವಬೇಕು. ಭರಣಿಯ ಬಾಯನ್ನು ಸಡಿಲವಾಗಿ ಮುಚ್ಚಿರಬೇಕು. ಬಿಗಿಯಾಗಿ ಮುಚ್ಚಿದರೆ ಒಡೆದೀತು, ತೆರೆದಿಟ್ಟರೆ ಹಬೆಯ ನೀರು ಒಳಗೆ ಬಿದ್ದು ಎಣ್ಣೆ ಮಬ್ಬಾಗುತ್ತದೆ. ಮೊದಲ ಗಂಟೆ ಏನೂ ಆಗದಂತೆ ಕಾಣುತ್ತದೆ. ಆಮೇಲೆ ಚೂರುಗಳ ಅಂಚು ಮೆತ್ತಗಾಗಿ, ಎಣ್ಣೆಗೆ ತಿಳಿ ಚಹಾದ ಬಣ್ಣ ಬರತೊಡಗುತ್ತದೆ. ಧೂಪವೆಲ್ಲ ಕರಗಲೇಬೇಕೆಂಬ ಹಠ ಬೇಡ, ಬಿಸಿ ಏರಿಸಿದರೆ ಪರಿಮಳ ಹಾರಿ ಸುಟ್ಟ ವಾಸನೆ ಉಳಿಯುತ್ತದೆ.

ಬೆಚ್ಚಗಿರುವಾಗಲೇ ಹಳೆಯ ಪಂಚೆಯ ತುಂಡನ್ನು ಎರಡು ಪದರ ಮಾಡಿ ಸೋಸಿ, ಒಂದು ವಾರ ಕತ್ತಲಲ್ಲಿ ಅಲುಗಾಡಿಸದೆ ಇಡಬೇಕು. ತಳದಲ್ಲಿ ಸಣ್ಣ ಗಸಿ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಬೇಕು. ಇದು ಅತ್ತರಿನ ಅರ್ಧ ವಾಹಕ. ಊರಿನ ಕಾಡು ಅತ್ತರಿನೊಳಗೆ ಬರುವುದು ಈ ಎಣ್ಣೆಯ ಮೂಲಕವೇ.

ಎರಡನೆಯ ಹಂತ: ಹತ್ತರಲ್ಲೊಂದು ದ್ರಾವಣಗಳು

ನೇರವಾಗಿ ತೆಳುಮಾಡದ ಗಟ್ಟಿ ಎಣ್ಣೆಗಳನ್ನೇ ಬೆರೆಸಲು ಹೊರಟರೆ ಹಣವೂ ಹೋಗುತ್ತದೆ, ಮೂಗೂ ದಣಿಯುತ್ತದೆ. ಪ್ರತಿಯೊಂದು ಎಣ್ಣೆಯನ್ನೂ ಒಂದು ಗ್ರಾಂ ಎಣ್ಣೆಗೆ ಒಂಬತ್ತು ಗ್ರಾಂ ವಾಹಕದಂತೆ ತೆಳುಮಾಡಿಟ್ಟುಕೊಳ್ಳುವುದು ಮೊದಲ ಕೆಲಸ. ಶ್ರೀಗಂಧ, ಹೀರಾಬೋಳದಂಥ ದುಬಾರಿ ಎಣ್ಣೆಗಳಲ್ಲಿ ಕಾಲು ಗ್ರಾಂ ತೆಗೆದುಕೊಂಡರೂ ಸಾಕು. ಮೆಣಸು, ಏಲಕ್ಕಿ, ಜಾಯಿಕಾಯಿ, ಲವಂಗ, ಹೀರಾಬೋಳ, ಸಾಂಬ್ರಾಣಿಗಳಿಗೆ ಬರಿಯ ವಾಹಕವನ್ನೂ, ಕುಂದುರು, ಲಾವಂಚ, ಪಚ್ಚೆತೆನೆ, ಶ್ರೀಗಂಧಗಳಿಗೆ ಧೂಪದ ಎಣ್ಣೆಯನ್ನೂ ಬಳಸಬೇಕು. ಸಾಂಬ್ರಾಣಿಯ ಸೀಸೆ ಸ್ವಲ್ಪ ಮಬ್ಬಾದರೆ ಚಿಂತಿಸಬೇಕಿಲ್ಲ, ಎರಡು ದಿನ ಬಿಟ್ಟು ತಿಳಿಯನ್ನು ತೆಗೆದುಕೊಳ್ಳಿ. ಸೀಸೆಗಳ ಮೇಲೆ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆಯಬೇಕು, ಎಣ್ಣೆ ತಾಗಿದರೆ ಪೆನ್ನಿನ ಶಾಯಿ ಹರಡಿಹೋಗುತ್ತದೆ.

ಮೂರನೆಯ ಹಂತ: ಪರೀಕ್ಷೆಯ ಮಿಶ್ರಣ

ಈ ದ್ರಾವಣಗಳಿಂದ ಹತ್ತು ಗ್ರಾಂ ಪರೀಕ್ಷೆಯ ಅತ್ತರನ್ನು ಕೆಳಗಿನ ತೂಕದಲ್ಲಿ ಮಾಡಬೇಕು. ಭಾರವಾದ ಪರಿಮಳಗಳನ್ನು ಮೊದಲು, ಹಗುರಾದವನ್ನು ಕೊನೆಗೆ ಹಾಕುವುದು ಕ್ರಮ. ಆದ್ದರಿಂದ ಪಟ್ಟಿಯನ್ನೂ ಹಾಗೆಯೇ ಕೊಟ್ಟಿದೆ.

ಶ್ರೀಗಂಧ 1.70 ಗ್ರಾಂ
ಸಾಂಬ್ರಾಣಿ 1.60 ಗ್ರಾಂ
ಲಾವಂಚ 0.60 ಗ್ರಾಂ
ಪಚ್ಚೆತೆನೆ 0.50 ಗ್ರಾಂ
ಹೀರಾಬೋಳ 0.25 ಗ್ರಾಂ
ಕುಂದುರು 2.50 ಗ್ರಾಂ
ಲವಂಗ 0.15 ಗ್ರಾಂ
ಜಾಯಿಕಾಯಿ 0.30 ಗ್ರಾಂ
ಏಲಕ್ಕಿ 0.40 ಗ್ರಾಂ
ಕಾಳುಮೆಣಸು 2.00 ಗ್ರಾಂ

ಪ್ರತಿ ಸಲ ತಕ್ಕಡಿಯನ್ನು ಸೊನ್ನೆಗೆ ತಂದು, ಹಾಕಿದ ತೂಕವನ್ನು ಆಗಲೇ ಬರೆದುಕೊಳ್ಳಬೇಕು. ಮೆಣಸು 2.00ರ ಬದಲು 2.07 ಬಿದ್ದರೆ 2.07 ಎಂದೇ ಬರೆಯಿರಿ. ಎಲ್ಲ ಸೇರಿದ ಮೇಲೆ ಸೀಸೆಯನ್ನು ಕುಲುಕದೆ ಅಂಗೈಗಳ ನಡುವೆ ನಿಧಾನವಾಗಿ ಉರುಳಿಸಿ, ಮುಚ್ಚಿ, ಮೂರು ದಿನ ಮುಟ್ಟದೆ ಇಡಬೇಕು. ಬೆರೆಸಿದ ಕೂಡಲೇ ಮೂಸಿ ತೀರ್ಪು ಕೊಡುವುದು ವ್ಯರ್ಥ, ಆಗ ಪ್ರತಿಯೊಂದೂ ತನ್ನ ಪಾಡಿಗೆ ತಾನು ಕೂಗುತ್ತಿರುತ್ತದೆ.

ದಾಲ್ಚಿನ್ನಿ ಏಕಿಲ್ಲ ಎಂದು ಕೇಳುವವರಿರಬಹುದು. ದಾಲ್ಚಿನ್ನಿ ಚಕ್ಕೆಯ ಎಣ್ಣೆಯಲ್ಲಿರುವ ಸಿನ್ನಮಾಲ್ಡಿಹೈಡ್ ಚರ್ಮಕ್ಕೆ ಅಲರ್ಜಿ ತರುವ ವಸ್ತುಗಳಲ್ಲಿ ಮುಂಚೂಣಿಯದು, ಒಮ್ಮೆ ಬಂದ ಅಲರ್ಜಿ ಜೀವನಪೂರ್ತಿ ಉಳಿಯಬಹುದು. ಲವಂಗದ ಯುಜೆನಾಲ್ ಕೂಡ ಇದೇ ಸಾಲಿನದು, ಆದ್ದರಿಂದಲೇ ಅದನ್ನು ಇಷ್ಟು ಕಡಿಮೆ ಇಟ್ಟಿದೆ. ಪರಿಮಳದ ದೃಷ್ಟಿಯಿಂದಲೂ ದಾಲ್ಚಿನ್ನಿ ಬಂದ ಕಡೆ ಮೆಣಸು ಮೂಲೆಗೆ ಸರಿಯುತ್ತದೆ.

ನಾಲ್ಕನೆಯ ಹಂತ: ಮೂಸಿ ತಿದ್ದುವುದು

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಬೇಡುವುದು ಇದೇ. ಕಾಗದದ ಪಟ್ಟಿಯ ತುದಿಯನ್ನು ಅತ್ತರಿನಲ್ಲಿ ಅದ್ದಿ, ಇನ್ನೊಂದು ತುದಿಯಲ್ಲಿ ಸಮಯ ಬರೆದು, ಐದು ನಿಮಿಷಕ್ಕೆ, ಒಂದು ಗಂಟೆಗೆ, ನಾಲ್ಕು ಗಂಟೆಗೆ ಮತ್ತು ಮರುದಿನ ಬೆಳಿಗ್ಗೆ ಮೂಸಬೇಕು. ಒಗ್ಗರಣೆ, ಕಾಫಿ, ಊದುಬತ್ತಿಗಳ ವಾಸನೆಯಿಲ್ಲದ ಕೋಣೆಯಾಗಿರಲಿ. ಒಮ್ಮೆಗೆ ಮೂರು ಉಸಿರಿಗಿಂತ ಹೆಚ್ಚು ಮೂಸಬೇಡಿ. ಮಳೆಗಾಲದಲ್ಲಿ, ಅದರಲ್ಲೂ ಆಗುಂಬೆ, ಹೊಸನಗರದ ಕಡೆ ಜುಲೈ ತಿಂಗಳಲ್ಲಿ ಪಟ್ಟಿಯೇ ತೇವ ಹಿಡಿದು ಮುಗ್ಗಲು ವಾಸನೆ ಕೊಡುತ್ತದೆ. ಆಗ ಪಟ್ಟಿಗಳನ್ನು ಅಕ್ಕಿಯ ಡಬ್ಬಿಯಲ್ಲಿಟ್ಟು ಬಳಸಬಹುದು.

ಸರಿಯಾಗಿ ಕೂಡಿದ ಅತ್ತರು ಹೀಗೆ ನಡೆದುಕೊಳ್ಳುತ್ತದೆ: ಮೊದಲು ಮೆಣಸಿನ ಒಣ ಚುರುಕು, ಅದರ ಬೆನ್ನಿಗೇ ಏಲಕ್ಕಿಯ ತಂಪು, ಒಂದು ಗಂಟೆಯ ಹೊತ್ತಿಗೆ ಮೆಣಸು ಎಲ್ಲಿ ಮುಗಿಯಿತು, ಕುಂದುರು ಎಲ್ಲಿ ಆರಂಭವಾಯಿತು ಎಂದು ಹೇಳಲಾಗದ ಸ್ಥಿತಿ, ನಾಲ್ಕು ಗಂಟೆಗೆ ಸಾಂಬ್ರಾಣಿಯ ಸಿಹಿಯ ಕೆಳಗೆ ಲಾವಂಚದ ಬೇರಿನ ಮಣ್ಣು, ಮರುದಿನ ಗಂಧ, ಧೂಪ ಮತ್ತು ಪಚ್ಚೆತೆನೆ ಬೆರೆತ ಮಂದ ವಾಸನೆ.

ತಪ್ಪಿದರೆ ಎಲ್ಲಿ ತಪ್ಪಿತೆಂದು ಮೂಗೇ ಹೇಳುತ್ತದೆ. ಹಲ್ಲುನೋವಿನ ಮದ್ದಿನ ವಾಸನೆ ಬಂದರೆ ಲವಂಗವನ್ನು ಅರ್ಧಕ್ಕಿಳಿಸಬೇಕು. ನೆಗಡಿಗೆ ಹಚ್ಚುವ ಮುಲಾಮಿನ ವಾಸನೆ ಬಂದರೆ ಅದು ಏಲಕ್ಕಿಯ ಸಿನಿಯೋಲ್, ಏಲಕ್ಕಿಯನ್ನು 0.25ಕ್ಕೆ ತನ್ನಿ. ಮೆಣಸು ಹತ್ತೇ ನಿಮಿಷದಲ್ಲಿ ಮಾಯವಾಗಿ ನಡುವೆ ಖಾಲಿ ಎನಿಸಿದರೆ ಮೆಣಸನ್ನು ಹೆಚ್ಚಿಸುವ ಮೊದಲು ಕುಂದುರನ್ನು 0.40ರಷ್ಟು ಹೆಚ್ಚಿಸಿ ನೋಡಬೇಕು. ಬಹುಮಟ್ಟಿಗೆ ಕೊರತೆ ಅಲ್ಲಿರುತ್ತದೆ. ಕಹಿಯಾದ, ಔಷಧಿ ಅಂಗಡಿಯ ಛಾಯೆ ಹೀರಾಬೋಳದ್ದು. ಅದನ್ನು ಪೂರ್ತಿ ಬಿಟ್ಟರೂ ಅತ್ತರು ನಿಲ್ಲುತ್ತದೆ, ಆದರೆ ಬಿಟ್ಟರೆ ಹಳತನದ ಭಾವವೊಂದು ಕಡಿಮೆಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಮಿಠಾಯಿಯಂತೆ ಸಿಹಿಯಾದರೆ ಸಾಂಬ್ರಾಣಿಯನ್ನೂ, ನೆಲಮಾಳಿಗೆಯಂತೆ ಮಣ್ಣಾದರೆ ಪಚ್ಚೆತೆನೆಯನ್ನೂ ತಗ್ಗಿಸಿ. ಒಂದು ಸಲಕ್ಕೆ ಒಂದೇ ವಸ್ತುವನ್ನು ಬದಲಿಸಿ ಹೊಸ ಸೀಸೆಯಲ್ಲಿ ಮಾಡಬೇಕು. ಇದ್ದುದಕ್ಕೇ ಹನಿ ಹನಿ ಸೇರಿಸುತ್ತ ಹೋದರೆ ಲೆಕ್ಕ ತಪ್ಪುತ್ತದೆ.

ಪಟ್ಟಿಯ ಮೇಲೆ ಒಪ್ಪಿದ ಮಿಶ್ರಣವನ್ನು ಮೊಣಕೈಯ ಒಳಮಡಿಕೆಗೆ ಒಂದು ಚುಕ್ಕೆ ಹಚ್ಚಿ 48 ಗಂಟೆ ನೋಡಬೇಕು. ತುರಿಕೆ, ಕೆಂಪು, ಉರಿ ಕಂಡರೆ ಸೋಪು ಹಚ್ಚಿ ತೊಳೆದು, ಆ ಅತ್ತರನ್ನು ಬಟ್ಟೆಗೆ ಮಾತ್ರ ಬಳಸಿ. ಗರ್ಭಿಣಿಯರು, ಎಳೆಮಕ್ಕಳು, ಚರ್ಮದ ಕಾಯಿಲೆ ಇರುವವರು ಇದನ್ನು ಹಚ್ಚಿಕೊಳ್ಳಬಾರದು.

ಐದನೆಯ ಹಂತ: ಪೂರ್ಣ ಅತ್ತರು ಮತ್ತು ಮಾಗಿಸುವುದು

ಪರೀಕ್ಷೆಯಲ್ಲಿ ನಿಂತ ಅಂಕಿಗಳನ್ನೇ ಈಗ ಗಟ್ಟಿ ಎಣ್ಣೆಗಳಿಗೆ ಬಳಸಬೇಕು. ಅದೇ ತೂಕದಲ್ಲಿ ಬೆರೆಸಿದರೆ ಹತ್ತು ಗ್ರಾಂ ಸಾರ ಸಿಗುತ್ತದೆ. ಇದಕ್ಕೆ 56.7 ಗ್ರಾಂ ವಾಹಕ ಸೇರಿಸಿದರೆ ನೂರಕ್ಕೆ ಹದಿನೈದರ ಅತ್ತರು 66.7 ಗ್ರಾಂ ಆಗುತ್ತದೆ. ಆರು ಮಿಲಿಲೀಟರಿನ ಹತ್ತಕ್ಕೂ ಹೆಚ್ಚು ಸೀಸೆ ತುಂಬಬಹುದು. ವಾಹಕದಲ್ಲಿ ಅರ್ಧ ಧೂಪದ ಎಣ್ಣೆ, ಅರ್ಧ ಬರಿಯದು ಇರಲಿ. ಈ ಪ್ರಮಾಣದಲ್ಲಿ ಲವಂಗದೆಣ್ಣೆ ಒಟ್ಟು ಅತ್ತರಿನ ನೂರಕ್ಕೆ ಕಾಲು ಭಾಗಕ್ಕಿಂತ ಕಡಿಮೆ. ದುಬಾರಿಯ ಕಾರಣಕ್ಕೆ ಶ್ರೀಗಂಧವನ್ನು ತಗ್ಗಿಸಲೇಬೇಕಾದವರು 0.80 ಗ್ರಾಮಿಗೆ ಇಳಿಸಿ, ಉಳಿದ 0.90ರಲ್ಲಿ 0.20 ಲಾವಂಚಕ್ಕೂ 0.70 ಕುಂದುರಿಗೂ ಕೊಡಬಹುದು. ಆಗ ಅತ್ತರು ಸ್ವಲ್ಪ ಒರಟಾಗುತ್ತದೆ, ಕೆಡುವುದಿಲ್ಲ.

ಮೊದಲು ಸಾರವನ್ನು ಮಾತ್ರ ಸಣ್ಣ ಸೀಸೆಯಲ್ಲಿ ಬಾಯಿಯವರೆಗೆ ತುಂಬಿ ಎರಡು ವಾರ ಮಾಗಿಸಿ, ನಂತರ ವಾಹಕ ಬೆರೆಸಿ ಮತ್ತೆ ನಾಲ್ಕು ವಾರ ಕತ್ತಲಲ್ಲಿಡಬೇಕು. ಸೀಸೆಯಲ್ಲಿ ಖಾಲಿ ಜಾಗ ಕಡಿಮೆಯಿದ್ದಷ್ಟೂ ಒಳ್ಳೆಯದು, ಏಕೆಂದರೆ ಮೆಣಸು ಮತ್ತು ಕುಂದುರಿನ ಹಗುರ ಅಂಶಗಳು ಗಾಳಿಯೊಡನೆ ಸೇರಿ ಕೆಡುತ್ತವೆ, ಕೆಟ್ಟವು ಚರ್ಮವನ್ನು ಕೆರಳಿಸುತ್ತವೆ. ಬಳಸದೆ ಉಳಿದ ಗಟ್ಟಿ ಎಣ್ಣೆಗಳನ್ನು ಇದೇ ಕಾರಣಕ್ಕೆ ಫ್ರಿಜ್ಜಿನಲ್ಲಿಡಬೇಕು. ರಬ್ಬರ್ ತಲೆಯ ಡ್ರಾಪರನ್ನು ಸೀಸೆಗೆ ಹಾಕಿಟ್ಟರೆ ಕೆಲವೇ ವಾರಗಳಲ್ಲಿ ರಬ್ಬರು ಮೆತ್ತಗಾಗಿ ಅತ್ತರಿಗೆ ಅದರ ವಾಸನೆ ಇಳಿಯುತ್ತದೆ. ತಿರುಗಿಸುವ ಮುಚ್ಚಳವೇ ಸರಿ. ತಳದಲ್ಲಿ ಗಸಿ ಕಂಡರೆ ಕಾಫಿ ಸೋಸುವ ಕಾಗದದಲ್ಲಿ ಮತ್ತೊಮ್ಮೆ ಸೋಸಿ ಸೀಸೆಗಳಿಗೆ ತುಂಬಬೇಕು.

ಎಣ್ಣೆ ಬೇಡ, ಸ್ಪ್ರೇ ಬೇಕು ಎನ್ನುವವರಿಗೆ

ಶೇ. 95ರ ಈಥೈಲ್ ಮದ್ಯಸಾರದಲ್ಲಿ ಇದೇ ಸಾರವನ್ನು ಬೆರೆಸಬಹುದು. ಸಾಂಬ್ರಾಣಿ ಅದರಲ್ಲಿ ಇನ್ನೂ ಚೆನ್ನಾಗಿ ಬೆರೆಯುತ್ತದೆ. ಆದರೆ ಶುದ್ಧ ಮದ್ಯಸಾರ ಅಬಕಾರಿ ನಿಯಮಗಳಿಗೆ ಒಳಪಟ್ಟ ವಸ್ತು, ಆದ್ದರಿಂದ ಸುಗಂಧ ತಯಾರಿಕೆಗೆಂದೇ ವಿಕೃತಗೊಳಿಸಿದ (ಕುಡಿಯಲು ಬಾರದಂತೆ ಮಾಡಿದ) ಮದ್ಯಸಾರವನ್ನು ಪರವಾನಗಿ ಇರುವ ಮಾರಾಟಗಾರರಿಂದಲೇ ಕೊಳ್ಳಬೇಕು. ಬಣ್ಣದ ಅಂಗಡಿಯ ಸ್ಪಿರಿಟ್ಟಿನಲ್ಲಿ ಮಿಥನಾಲ್ ಇರಬಹುದು, ಅದು ವಿಷ. ವೋಡ್ಕಾದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುವುದರಿಂದ ಅಂಟುಗಳು ಬಿಳಿಯಾಗಿ ಒಡೆದುಕೊಳ್ಳುತ್ತವೆ. ಧೂಪದ ಎಣ್ಣೆಯನ್ನು ಇಲ್ಲಿ ಬಳಸುವಂತಿಲ್ಲ. ಅದರ ಬದಲು 20 ಗ್ರಾಂ ಕರಿಧೂಪದ ಚೂರನ್ನು 80 ಗ್ರಾಂ ಮದ್ಯಸಾರದಲ್ಲಿ ಹಾಕಿ, ಬಿಸಿ ಮಾಡದೆ, ಎರಡು ವಾರ ದಿನಕ್ಕೊಮ್ಮೆ ಅಲುಗಿಸುತ್ತ ನೆನೆಸಿ ಸೋಸಿಕೊಳ್ಳಬೇಕು. ಸಾರ, ಧೂಪದ ಈ ಅರ್ಕ, ಬರಿಯ ಮದ್ಯಸಾರ ಈ ಮೂರನ್ನು 15, 20, 65 ಗ್ರಾಂ ಪ್ರಮಾಣದಲ್ಲಿ ಬೆರೆಸಿ, ಒಂದು ತಿಂಗಳು ಮಾಗಿಸಿ, ಎರಡು ದಿನ ಫ್ರಿಜ್ಜಿನಲ್ಲಿ ತಂಪುಮಾಡಿ, ತಂಪಿರುವಾಗಲೇ ಸೋಸಿದರೆ ಸ್ಪ್ರೇಯ ಮೂತಿ ಕಟ್ಟಿಕೊಳ್ಳುವುದಿಲ್ಲ. ಈ ಕೆಲಸದ ಹತ್ತಿರ ದೀಪ, ಒಲೆ, ಊದುಬತ್ತಿ ಯಾವುದೂ ಉರಿಯುತ್ತಿರಬಾರದು.

ಹಚ್ಚಿಕೊಳ್ಳುವಾಗ

ಎಣ್ಣೆಯ ಅತ್ತರು ಹತ್ತಿರದವರಿಗಷ್ಟೇ ತಿಳಿಯುವಂಥದು, ಮಣಿಕಟ್ಟಿಗೆ ಒಂದು ಗೀರು, ಕಿವಿಯ ಹಿಂದೆ ಒಂದು ಚುಕ್ಕೆ ಸಾಕು. ಮಣಿಕಟ್ಟುಗಳನ್ನು ಒಂದಕ್ಕೊಂದು ಉಜ್ಜಿದರೆ ಚರ್ಮ ಬಿಸಿಯಾಗಿ ಮೆಣಸು ಬೇಗ ಹಾರುತ್ತದೆ. ಸಾಂಬ್ರಾಣಿ, ಲಾವಂಚ ಮತ್ತು ಧೂಪದ ಬಣ್ಣ ಬಿಳಿ ಪಂಚೆಯ ಮೇಲೆ ಕಂದು ಕಲೆಯಾಗಿ ಉಳಿಯುತ್ತದೆ, ಆದ್ದರಿಂದ ಬಟ್ಟೆಗೆ ಬೇಕೆನಿಸಿದರೆ ಹತ್ತಿಯ ಉಂಡೆಗೆ ಹಚ್ಚಿ ಒಳಜೇಬಿನಲ್ಲಿಟ್ಟುಕೊಳ್ಳಿ. ಒಂದು ವರ್ಷದ ಬಳಿಕ ಮೇಲಿನ ಚುರುಕು ಕುಗ್ಗಿದೆ ಎನಿಸಿದರೆ, ಆರು ಮಿಲಿಲೀಟರಿನ ಸೀಸೆಗೆ ಹತ್ತರಲ್ಲೊಂದರ ಮೆಣಸಿನ ದ್ರಾವಣವನ್ನು 0.30 ಗ್ರಾಂ ಸೇರಿಸಿ ಒಂದು ವಾರ ಬಿಟ್ಟು ಬಳಸಬಹುದು. ಆ ದ್ರಾವಣವನ್ನು ಮಾತ್ರ ಹೊಸ ಎಣ್ಣೆಯಿಂದ ಆಗಲೇ ಮಾಡಿಕೊಳ್ಳಬೇಕು.